ಔಷಧಿಗೂ ವಿಳಾಸ ಬೇಕು, ರೋಗಿಗೂ ಕನ್ನಡ ಬೇಕು

(ಬಸವೇಶ್ವರನಗರದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ನಾಮಫಲಕದ ಬಗ್ಗೆ, ಉದ್ಯೋಗದ ಬಗ್ಗೆ ನಾವು ಬಹಳ ಮಾತನಾಡಿದ್ದೇವೆ. ಮಾತನಾಡಲೇಬೇಕು. ಇಂದು ನಾನು ಆಸ್ಪತ್ರೆಯ ಕನ್ನಡದ ಬಗ್ಗೆ ಮಾತನಾಡುತ್ತೇನೆ. ನಾನು ಪಿಯುಸಿ ಓದಿದ ಮುದ್ರಕ, ಡಾಕ್ಟರಲ್ಲ. ಆದರೆ ಮುದ್ರಕನಿಗೆ ಒಂದು ಮಾತು ಗೊತ್ತು: ಓದುವವನಿಗೆ ತಿಳಿಯದ ಕಾಗದ, ಅಚ್ಚಾಗಿದ್ದರೂ ಖಾಲಿ ಕಾಗದವೇ.

ಹಂಟರ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ ಇದೆ. ಹುಟ್ಟಿನಿಂದಲೇ ಬರುವಂಥದ್ದು, ಹೆಚ್ಚಾಗಿ ಗಂಡುಮಕ್ಕಳಿಗೆ. ನಮ್ಮ ಜೀವಕೋಶಗಳ ಒಳಗೆ ಕಸ ಒಡೆಯುವ ಪುಟ್ಟ ಚೀಲಗಳಿವೆ. ಅಲ್ಲಿ ಕೆಲಸ ಮಾಡಬೇಕಾದ ಒಂದು ಕಿಣ್ವ ಈ ಮಕ್ಕಳಲ್ಲಿ ಇಲ್ಲ. ಕಸ ತುಂಬುತ್ತಾ ಹೋಗುತ್ತದೆ. ಕೀಲು ಬಿಗಿಯುತ್ತದೆ, ಹೃದಯದ ಕವಾಟ ಕೆಡುತ್ತದೆ. ಕಾಯಿಲೆ ತೀವ್ರವಾಗಿದ್ದರೆ ಕಲಿತ ಮಾತೂ ಮಗುವಿಗೆ ಮರೆತುಹೋಗುತ್ತದೆ.

ಆ ಕಿಣ್ವವನ್ನೇ ತಯಾರಿಸಿ ವಾರಕ್ಕೊಮ್ಮೆ ರಕ್ತಕ್ಕೆ ಕೊಡುವ ಔಷಧಿಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ದೇಹದ ಇತರ ಭಾಗಗಳಿಗೆ ಹೋಯಿತು, ಮೆದುಳಿಗೆ ಹೋಗಲಿಲ್ಲ. ಮೆದುಳಿನ ರಕ್ತನಾಳದ ಗೋಡೆ ಬಿಗಿ ಕಾವಲಿನದು. ದೊಡ್ಡ ಪ್ರೋಟೀನನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ.

ಇಲ್ಲಿ ಪ್ರತಿಕಾಯದ ಕೆಲಸ ನೋಡಿ. ಪ್ರತಿಕಾಯ ಎಂದರೆ ರೋಗಾಣುವನ್ನು ಗುರುತಿಸಿ ಹಿಡಿಯಲು ದೇಹವೇ ಮಾಡಿಕೊಳ್ಳುವ ಪ್ರೋಟೀನು. ಅದಕ್ಕೆ ಎರಡು ಕೈ, ಒಂದು ಕಾಂಡ. ಕೈಗಳು ಒಂದೇ ಒಂದು ಗುರುತನ್ನು ಹುಡುಕಿ ಹಿಡಿಯುತ್ತವೆ. ಮೆದುಳಿನ ರಕ್ತನಾಳದ ಗೋಡೆಯಲ್ಲಿ ಕಬ್ಬಿಣದಂಶವನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ. ಆ ಬಾಗಿಲನ್ನು ಹಿಡಿಯುವ ಪ್ರತಿಕಾಯಕ್ಕೆ ಕಿಣ್ವವನ್ನು ಬೆಸೆದರು. ಬಾಗಿಲು ಪ್ರತಿಕಾಯವನ್ನು ಎಳೆದುಕೊಂಡಾಗ ಬೆಸೆದ ಕಿಣ್ವವೂ ಜೊತೆಗೆ ಒಳಗೆ ಹೋಯಿತು. ಕಿಣ್ವ ಕಾಗದವಾದರೆ ಪ್ರತಿಕಾಯ ಲಕೋಟೆಯ ಮೇಲಿನ ವಿಳಾಸ. ಜಪಾನಿನ ಜೆಸಿಆರ್ ಕಂಪನಿಯ ಈ ಬೆಸುಗೆ ಪ್ರೋಟೀನಿಗೆ 2021ರ ಮಾರ್ಚಿನಲ್ಲಿ ಆ ದೇಶ ಒಪ್ಪಿಗೆ ಕೊಟ್ಟಿತು.

ನಮಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಅದೇ 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಅದರಡಿ ಗುರುತಿಸಿದ ಕೇಂದ್ರಗಳಲ್ಲಿ ನಮ್ಮ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿವೆ. ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಎಂದು 2022ರಲ್ಲಿ ಏರಿಸಿದರು. ದೊಡ್ಡ ಮೊತ್ತವೇ. ಆದರೆ ವಾರವಾರವೂ, ಜೀವನಪೂರ್ತಿ ಬೇಕಾದ ಔಷಧಿಗೆ ಅದು ಎಷ್ಟು ದಿನ ಬಂದೀತು? ಹಣ ಮುಗಿದ ಮೇಲೆ ಆ ತಾಯಿ ಯಾರ ಬಾಗಿಲು ತಟ್ಟಬೇಕು? ಇದನ್ನು ಕೇಳಬೇಕಾದವರು ನಾವು.

ಪ್ರತಿಕಾಯದ ವಿದ್ಯೆ ನಮ್ಮ ಊರಿಗೆ ಹೊಸದೂ ಅಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. 2017ರಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಔಷಧಿ ಅಮೆರಿಕಕ್ಕೆ ಹೋಗುತ್ತದೆ, ಔಷಧಿಯ ವಿವರ ಮಾತ್ರ ಕೆಂಗೇರಿಯ ತಾಯಿಗೆ ಕನ್ನಡದಲ್ಲಿ ತಲುಪುವುದಿಲ್ಲ!

ಒಂದು ಆಸ್ಪತ್ರೆಯ ಒಪ್ಪಿಗೆ ಪತ್ರ ನಮ್ಮ ಪ್ರೆಸ್ಸಿಗೆ ಅಚ್ಚಿಗೆ ಬಂದಿತ್ತು. "ಪ್ರತಿಕೂಲ ಘಟನೆಗಳ ಸಂಭವನೀಯತೆಯನ್ನು ಅಂಗೀಕರಿಸಿರುತ್ತೇನೆ" ಎಂದಿತ್ತು. ಇದು ಯಾವ ಕನ್ನಡ ಸ್ವಾಮಿ? "ಈ ಔಷಧಿಯಿಂದ ತೊಂದರೆಯೂ ಆಗಬಹುದು ಎಂದು ನನಗೆ ತಿಳಿಸಿದ್ದಾರೆ" ಎಂದರೆ ಮುಗಿಯಿತಲ್ಲ! ಅರ್ಥವಾಗದೆ ಹಾಕಿದ ಸಹಿ ಒಪ್ಪಿಗೆಯೇ ಅಲ್ಲ.

ಹೊಸ ಔಷಧಿಯ ಪ್ರಯೋಗಕ್ಕೆ ಸೇರುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲೇ ವಿವರ ಕೊಡಬೇಕು, ಪತ್ರದ ಪ್ರತಿಯನ್ನೂ ಕೊಡಬೇಕು ಎಂದು 2019ರ ಕೇಂದ್ರದ ನಿಯಮಗಳೇ ಹೇಳುತ್ತವೆ. ಬೇಡವೆನಿಸಿದಾಗ ಹೊರಗೆ ಬರುವ ಹಕ್ಕೂ ರೋಗಿಗಿದೆ. ನಾವು ಭಿಕ್ಷೆ ಕೇಳುತ್ತಿಲ್ಲ, ನಿಯಮವನ್ನು ಪಾಲಿಸಿ ಎನ್ನುತ್ತಿದ್ದೇವೆ.

ಕನ್ನಡದಲ್ಲಿ ವಿಜ್ಞಾನ ಆಗದು ಎನ್ನುವವರಿಗೆ ಒಂದು ಉತ್ತರ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ಇದೇ ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ನಡೆಸಿದರು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಆ ಕಾಲದಲ್ಲಿ ಆದದ್ದು ಈ ಕಂಪ್ಯೂಟರ್ ಕಾಲದಲ್ಲಿ ಆಗದೇ?

ನಿಮ್ಮಲ್ಲಿ ಬಿ.ಎಸ್ಸಿ., ಬಿ.ಫಾರ್ಮ್, ನರ್ಸಿಂಗ್ ಓದುತ್ತಿರುವವರಿದ್ದೀರಿ. ನಿಮ್ಮ ಬಡಾವಣೆಯ ಆಸ್ಪತ್ರೆಗೆ ಹೋಗಿ. ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ ಎಂದು ಮರ್ಯಾದೆಯಿಂದ ಕೇಳಿ. ಇಲ್ಲದಿದ್ದರೆ ಬರೆದುಕೊಡಿ. ಡಾಕ್ಟರು ತಿದ್ದಲಿ. ನಿಮ್ಮ ಅಜ್ಜಿಗೆ ಓದಿ ಹೇಳಿ ನೋಡಿ. ಅಜ್ಜಿಗೆ ತಿಳಿದರೆ ಅದು ಸರಿಯಾದ ಕನ್ನಡ. ಅಂಥ ಪತ್ರ ತಂದರೆ ಮೊದಲ ಸಾವಿರ ಪ್ರತಿ ನಾನು ಅಚ್ಚು ಹಾಕಿಕೊಡುತ್ತೇನೆ, ಕಾಗದದ ದುಡ್ಡೂ ಬೇಡ.

ಸಿರಿಗನ್ನಡಂ ಗೆಲ್ಗೆ!