ಕಾಣದ ತರಗತಿಗೆ ಪಾಠ

ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ನಿರರ್ಗಳವಾಗಿ ಪಾಠ ಹೇಳಿದ ಅಧ್ಯಾಪಕರು ಕಂಪ್ಯೂಟರಿನ ಸಣ್ಣ ಕ್ಯಾಮೆರಾದ ಮುಂದೆ ಕುಳಿತೊಡನೆ ತಡವರಿಸುವುದೇಕೆ? 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ಕಾಲೇಜುಗಳ ಬಾಗಿಲು ಮುಚ್ಚಿದಾಗ ಈ ಪ್ರಶ್ನೆ ಅನೇಕರ ಮನೆಯೊಳಕ್ಕೇ ಬಂದು ಕುಳಿತಿತು. ವಿಷಯಜ್ಞಾನಕ್ಕೇನೂ ಕೊರತೆಯಿರಲಿಲ್ಲ, ಕಾಣದಾದದ್ದು ವಿದ್ಯಾರ್ಥಿಗಳ ಮುಖ. ಒಬ್ಬನ ಹುಬ್ಬು ಗಂಟಿಕ್ಕಿದರೆ ಮತ್ತೊಂದು ಉದಾಹರಣೆ ಕೊಡುವುದು, ಹಿಂದಿನ ಬೆಂಚಿನಲ್ಲಿ ಪಿಸುಮಾತು ಎದ್ದರೆ ಒಂದು ಪ್ರಶ್ನೆ ಕೇಳುವುದು, ಹೀಗೆ ಬೋಧನೆಯ ಅರ್ಧಪಾಲು ಮುಖ ನೋಡಿ ನಡೆಯುವಂಥದು. ತೆರೆಯ ಮೇಲೆ ಬರಿಯ ಹೆಸರುಗಳು ಸಾಲಾಗಿ ನಿಂತರೆ ಆ ಆಸರೆ ತಪ್ಪುತ್ತದೆ.

ಕಾಣದವರೊಡನೆ ಮಾತನಾಡುವ ವಿದ್ಯೆ ನಮ್ಮ ನಾಡಿಗೆ ತೀರ ಹೊಸದಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಅಲ್ಲವೆ?

ಇಂಥ ಕೆಲಸಕ್ಕೆ ಬೇಕಾದ ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ? ಆಲ್ಬರ್ಟ್ ಬಂಡೂರಾ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಅದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಣ್ಣಾರೆ ಕಂಡದ್ದು, ಹಿತವರ ಪ್ರೋತ್ಸಾಹ, ದೇಹ ಮನಸ್ಸುಗಳ ನೆಮ್ಮದಿ. ಇವುಗಳಲ್ಲಿ ಮೊದಲನೆಯದೇ ಹೆಚ್ಚು ಬಲವಾದದ್ದೆಂದು ಅವರ ಮತ.

ಇದನ್ನು ಒಪ್ಪಿದರೆ ದಾರಿ ತಾನಾಗಿ ತೋರುತ್ತದೆ. ಇನ್ನೂರು ಮಂದಿಯನ್ನು ಸಭಾಂಗಣದಲ್ಲಿ ಕೂರಿಸಿ ಯಾವ ಗುಂಡಿ ಒತ್ತಬೇಕೆಂದು ಉಪನ್ಯಾಸ ಕೊಟ್ಟರೆ ಟಿಪ್ಪಣಿ ಉಳಿಯುತ್ತದೆ, ಅಳುಕೂ ಉಳಿಯುತ್ತದೆ. ಅದಕ್ಕಿಂತ ಮೂವರು ಸಹೋದ್ಯೋಗಿಗಳಿಗೆ ಹತ್ತು ನಿಮಿಷದ ಪಾಠ ಮಾಡಿ ನೋಡುವುದು ಮೇಲು. ಅದೇ ವಿಷಯ ಕಲಿಸುವ ಇನ್ನೊಬ್ಬರ ಆನ್‌ಲೈನ್ ತರಗತಿಯಲ್ಲಿ ಕುಳಿತು ನೋಡಬೇಕು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವ್ಯವಸ್ಥೆಯಲ್ಲಿ ಒಂದು ಪಾಠಕ್ರಮಕ್ಕೆ ತಾವೇ ವಿದ್ಯಾರ್ಥಿಯಾಗಿ ಸೇರಿದರೆ, ತೆರೆಯ ಈಚೆ ಬದಿಯ ಬೇಸರವೂ ಬಯಕೆಯೂ ತಿಳಿಯುತ್ತವೆ. ಮೊದಲ ಕೆಲವು ತರಗತಿಗಳಿಗೆ ಯಂತ್ರದ ತೊಡಕು ಬಿಡಿಸುವ ಒಬ್ಬರು ಪಕ್ಕದಲ್ಲಿದ್ದರೆ ಎದೆಬಡಿತ ಇಳಿಯುತ್ತದೆ. ಸಂಪರ್ಕ ಕಡಿದರೆ ಮುಂದೇನೆಂಬುದನ್ನು ವಿದ್ಯಾರ್ಥಿಗಳೊಡನೆ ಮೊದಲೇ ಗೊತ್ತುಮಾಡಿಕೊಂಡಿದ್ದರೆ ಇನ್ನೂ ಲೇಸು.

ಪಾಠವನ್ನೂ ಹೊಸದಾಗಿ ಕಟ್ಟಬೇಕು. ಒಂದು ಗಂಟೆಯ ಉಪನ್ಯಾಸವನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿಯೊಂದರ ಕೊನೆಗೆ ಒಂದು ಪ್ರಶ್ನೆಯಿಡುವುದು ಒಳ್ಳೆಯದು. ಇದಕ್ಕೆ ಬಿಡುವು ಬೇಕು. ಕಾಲೇಜಿನ ಆಡಳಿತದವರು ಸಲಕರಣೆ ಕೊಟ್ಟು ವೇಳೆ ಕೊಡದಿದ್ದರೆ, ನಷ್ಟವಾಗುವುದು ಹಳ್ಳಿಯ ಜಗಲಿಯಲ್ಲಿ ಮೊಬೈಲು ಹಿಡಿದು ಕುಳಿತ ಹುಡುಗಿಗೆ. ಆಕೆ ತಿಳಿಯದೆ ಸುಮ್ಮನಿದ್ದಾಳೆಂಬುದು ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಅಧ್ಯಾಪಕರಿದ್ದರೆ ಒಂದು ಸಹಾಯ ಮಾಡಿ. ಪಕ್ಕದ ಕೋಣೆಯಲ್ಲಿ ಕುಳಿತು ಕಾಲು ಗಂಟೆ ಅವರ ವಿದ್ಯಾರ್ಥಿಯಾಗಿ. ದನಿ ಕೇಳಿಸಿತೆ, ಅಕ್ಷರ ಕಾಣಿಸಿತೆ, ಎಲ್ಲಿ ತಿಳಿಯಲಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ಮಾರನೆಯ ದಿನ ಅವರ ಮಾತಿಗೆ ಅದೇ ಬಲ.