ಒಂದು ಡಾಲರಿನ ಕರಾರು
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಟೆನಿಸ್ ಶ್ರೀಮಂತರ ಆಟ, ಅದರಿಂದ ನಮಗೇನು ಎಂದು ಕೆಲವರು ಕೇಳಿಯಾರು. ಗಿರಣಿಯಲ್ಲಿ ಪಗಾರದ ಪಟ್ಟಿ ಬರೆಯುವ ನಮಗೆ ಅದರಲ್ಲೊಂದು ಪಾಠ ಕಂಡಿದೆ.

1970ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪಂದ್ಯಾವಳಿಯವರು ಗೆದ್ದ ಗಂಡಸಿಗೆ 12,500 ಡಾಲರು, ಗೆದ್ದ ಹೆಂಗಸಿಗೆ 1,500 ಎಂದು ಸಾರಿದರು. ಇದನ್ನೊಪ್ಪದ ಆಟಗಾರ್ತಿಯರಿಗಾಗಿ ‘ವರ್ಲ್ಡ್ ಟೆನಿಸ್’ ಪತ್ರಿಕೆಯ ಗ್ಲಾಡಿಸ್ ಹೆಲ್ಡ್‌ಮನ್ ಎಂಬಾಕೆ ಹ್ಯೂಸ್ಟನ್ ನಗರದಲ್ಲಿ ಬೇರೆ ಪಂದ್ಯ ಹೂಡಿದರು. ಆಡಿದರೆ ಅಮಾನತು ಮಾಡುತ್ತೇವೆಂದು ಟೆನಿಸ್ ಸಂಘ ಬೆದರಿಸಿತು. ಆದರೂ ಬಿಲ್ಲಿ ಜೀನ್ ಕಿಂಗ್ ಮೊದಲಾದ ಒಂಬತ್ತು ಮಂದಿ ತಲಾ ಒಂದು ಡಾಲರಿಗೆ ಕರಾರಿಗೆ ಸಹಿ ಹಾಕಿದರು. ಮೊತ್ತ ಹೆಸರಿಗೆ ಮಾತ್ರ. ಇನ್ನು ಆಟವೇ ತಮ್ಮ ವೃತ್ತಿ ಎಂಬುದಕ್ಕೆ ಅದು ಗುರುತು. ಅಂತಿಮ ಪಂದ್ಯದಲ್ಲಿ ರೋಸಿ ಕಸಾಲ್ಸ್ ಅವರು ಆಸ್ಟ್ರೇಲಿಯದ ಜೂಡಿ ಡಾಲ್ಟನ್ ಅವರನ್ನು ಸೋಲಿಸಿದರು.

1973ರಲ್ಲಿ ಅಮೆರಿಕದ ಓಪನ್ ಪಂದ್ಯಾವಳಿಯಲ್ಲಿ ಗಂಡು ಹೆಣ್ಣಿಗೆ ಸಮ ಬಹುಮಾನ ಬಂತು. ವಿಂಬಲ್ಡನ್ನಿನಲ್ಲಿ ಬರಲು 2007 ಆಗಬೇಕಾಯಿತು.

ಒಬ್ಬಳೇ ಕೇಳಿದ್ದರೆ ಅರ್ಜಿ ಕಡತದಲ್ಲೇ ಉಳಿಯುತ್ತಿತ್ತು. ಒಂಬತ್ತು ಸಹಿ ಕೂಡಿದ್ದರಿಂದ ದಾರಿಯಾಯಿತು. ಬಂಧುಗಳೆ, ನಮ್ಮ ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ನಾವು ಯಾವ ಪಟ್ಟಿಯಲ್ಲಿ ಬರೆದಿದ್ದೇವೆ? ಇಂದು ಮನೆಗೆ ಹೋಗಿ ಆ ಲೆಕ್ಕವನ್ನೊಮ್ಮೆ ನೋಡೋಣ.