ಕೋಳಿಯ ಹಿಕ್ಕೆ ನೀರಾದಾಗ: ಗಾಬರಿ ಬೇಡ, ಗಮನ ಬೇಕು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



ಹಾಲಿನ ಸಭೆಯಲ್ಲಿ ಕೋಳಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಎರಡು ಹಸು ಕಟ್ಟಿದ ಮನೆಯ ಹಿತ್ತಿಲಲ್ಲಿ ಐದಾರು ಕೋಳಿ ಇರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಹಾಲಿನ ಬಟವಾಡೆ ಬರುವವರೆಗೆ ಉಪ್ಪು, ಸೋಪು, ಮಕ್ಕಳ ಪುಸ್ತಕದ ಖರ್ಚನ್ನು ಮೊಟ್ಟೆಯ ಹಣವೇ ತೂಗಿಸುತ್ತದೆ. ಆ ಹಣ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯದು. ಆದುದರಿಂದ ಅವರು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ: "ಸ್ವಾಮಿ, ಕೋಳಿ ಚೆನ್ನಾಗಿ ಮೇಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಹಿಕ್ಕೆ ಮಾತ್ರ ನೀರು ನೀರು. ಏನು ಮಾಡಬೇಕು?"

ಹಿಕ್ಕೆಯನ್ನು ಓದುವುದು

ಹಸುವಿಗೆ ಸಗಣಿ ಬೇರೆ, ಗಂಜಲ ಬೇರೆ. ಕೋಳಿಗೆ ಹಾಗಲ್ಲ. ಕರುಳಿನಿಂದ ಬರುವ ಮಲ ಮತ್ತು ಮೂತ್ರಪಿಂಡದಿಂದ ಬರುವ ಮೂತ್ರ ಎರಡೂ ಒಂದೇ ದ್ವಾರದಿಂದ ಹೊರಬೀಳುತ್ತವೆ. ಹಿಕ್ಕೆಯ ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳಿ ಭಾಗವೇ ಗಟ್ಟಿಯಾದ ಮೂತ್ರ. ಕಂದು ಅಥವಾ ಹಸಿರು ಮಿಶ್ರಿತ ಗಟ್ಟಿ ಮಲ, ಅದರ ಮೇಲೆ ಬಿಳಿ ಟೋಪಿ, ಇದು ಆರೋಗ್ಯದ ಹಿಕ್ಕೆ.

ದಿನದಲ್ಲಿ ಕೆಲವು ಸಲ ಕೋಳಿ ಚಾಕೊಲೇಟ್ ಬಣ್ಣದ, ಅಂಟಂಟಾದ, ಕೆಟ್ಟ ವಾಸನೆಯ ಹಿಕ್ಕೆ ಹಾಕುತ್ತದೆ. ಇದು ಕುರುಡುಕರುಳಿನಿಂದ ಬರುವಂಥದು, ಇದೂ ಸಹಜವೇ. ಇದನ್ನು ಭೇದಿಯೆಂದು ತಿಳಿದು ಔಷಧಿ ಹಾಕುವವರು ಬಹಳ ಮಂದಿ.

ಇನ್ನು ನೀರಾದ ಹಿಕ್ಕೆಯಲ್ಲಿ ಎರಡು ಬಗೆ. ಮಧ್ಯದಲ್ಲಿ ಮಲ ಆಕಾರದಲ್ಲೇ ಇದ್ದು ಸುತ್ತ ತಿಳಿನೀರು ಹರಡಿದ್ದರೆ ಅದು ಹೆಚ್ಚಾದ ಮೂತ್ರ. ಮಲವೇ ಕರಗಿ ನೀರಾಗಿದ್ದರೆ ಅದು ನಿಜವಾದ ಭೇದಿ. ಚುರುಕಾಗಿರುವ ಕೋಳಿಯಲ್ಲಿ ನಾವು ಕಾಣುವುದು ಬಹುಪಾಲು ಮೊದಲನೆಯದು.

ಬಿಸಿಲೇ ಮೊದಲ ಕಾರಣ

ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಅದರ ಮೈಶಾಖವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಹೊರಗೆ ಶಾಖ ಏರಿದಾಗ ಅದು ಬಾಯಿ ತೆರೆದು ಏದುಸಿರು ಬಿಟ್ಟು, ಉಸಿರಿನ ತೇವದಿಂದ ಮೈ ತಂಪು ಮಾಡಿಕೊಳ್ಳುತ್ತದೆ. ಅದಕ್ಕಾಗಿ ಹೆಚ್ಚು ನೀರು ಕುಡಿಯುತ್ತದೆ. ತಂಪು ದಿನಗಳಲ್ಲಿ 100 ಗ್ರಾಂ ಆಹಾರ ತಿಂದ ಕೋಳಿ ಸುಮಾರು 200 ಮಿಲಿಲೀಟರ್ ನೀರು ಕುಡಿಯುತ್ತದೆ. ಕಡು ಬೇಸಗೆಯಲ್ಲಿ ಇದು ಎರಡು ಪಟ್ಟೋ ಅದಕ್ಕೂ ಹೆಚ್ಚೋ ಆಗುತ್ತದೆ. ಮಿಕ್ಕ ನೀರು ಹಿಕ್ಕೆಯೊಡನೆ ಹೋಗಲೇಬೇಕು.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಹಿಕ್ಕೆ ನೀರಾಯಿತೆಂದು ಕೋಳಿಗೆ ನೀರು ಕಟ್ಟುವ ಪದ್ಧತಿ ಕೆಲವು ಕಡೆ ಇದೆ. ದಯಮಾಡಿ ಇದನ್ನು ಮಾಡಬೇಡಿ. ಮೊಟ್ಟೆಯೊಳಗಿನ ತಿರುಳಿನಲ್ಲಿ ಮುಕ್ಕಾಲು ಪಾಲು ನೀರೇ ಇದೆ. ನೀರು ತಪ್ಪಿದರೆ ಮೊದಲು ಮೊಟ್ಟೆ ನಿಲ್ಲುತ್ತದೆ. ಬೇಸಗೆಯ ಮಧ್ಯಾಹ್ನವಾದರೆ ಕೋಳಿಯೇ ಸಾಯಬಹುದು. ಹತ್ತು ಕೋಳಿಗೆ ಬೇಸಗೆಯಲ್ಲಿ ದಿನಕ್ಕೆ ಐದು ಲೀಟರ್ ನೀರಾದರೂ ನೆರಳಿನಲ್ಲಿ ಸಿಗುವಂತಿರಲಿ. ಮಣ್ಣಿನ ಅಗಲ ಬಾಯಿಯ ಪಾತ್ರೆ ಒಳ್ಳೆಯದು. ಎರಡು ಹೊತ್ತು ತೊಳೆದು ಹೊಸ ನೀರು ತುಂಬಿ. ಕಾಳನ್ನು ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲಿ ಹಾಕಿ.

ಹೊಟ್ಟೆಗೆ ಏನು ಹೋಗಿದೆ?

ಎರಡನೆಯ ಕಾರಣ ಆಹಾರ. ಕಲ್ಲಂಗಡಿ ಸಿಪ್ಪೆ, ಸೌತೆ, ಸೊಪ್ಪು ಹೆಚ್ಚಾಗಿ ತಿಂದ ದಿನ ಹಿಕ್ಕೆ ತೆಳ್ಳಗಾಗುವುದು ಸಹಜ. ಒಂದೆರಡು ದಿನದಲ್ಲಿ ತಾನೇ ಸರಿಹೋಗುತ್ತದೆ.

ಉಪ್ಪಿನ ವಿಷಯ ಹಾಗಲ್ಲ. ಕೋಳಿ ಆಹಾರದಲ್ಲಿ ನೂರಕ್ಕೆ ಅರ್ಧ ಭಾಗದೊಳಗೆ ಉಪ್ಪಿದ್ದರೆ ಸಾಕು. ಮಿಕ್ಕ ಉಪ್ಪಿನಕಾಯಿ, ಒಣಮೀನಿನ ಚೂರು, ಉಪ್ಪು ಹೆಚ್ಚಾದ ಸಾರು-ಅನ್ನ ಹಾಕಿದರೆ ಬಾಯಾರಿಕೆ ಹೆಚ್ಚುತ್ತದೆ, ಹಿಕ್ಕೆ ನೀರಾಗುತ್ತದೆ. ಉಪ್ಪು ಮಿತಿ ಮೀರಿದರೆ ಅದೇ ವಿಷ. ಮರಿಗಳಿಗಂತೂ ಅಪಾಯ ಹೆಚ್ಚು. ಕೊಳವೆಬಾವಿಯ ಸಪ್ಪೆ ಸವುಳು ನೀರಿನಿಂದಲೂ ಹೀಗಾಗುವುದುಂಟು. ಸ್ವಲ್ಪ ದಿನ ಬೇರೆ ಬಾವಿಯ ನೀರು ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ಹೈನುಗಾರರ ಮನೆಯಲ್ಲಿ ಮಾತ್ರ ಕಾಣುವ ಎರಡು ಕಾರಣಗಳನ್ನು ವಿಶೇಷವಾಗಿ ಹೇಳಬೇಕು.

ಮೊದಲನೆಯದು ಪಶು ಆಹಾರ. ಹಸುವಿಗೆ ತಂದ ಹಿಂಡಿ ಚೀಲಕ್ಕೆ ಕೋಳಿ ಬಾಯಿ ಹಾಕುತ್ತದೆ, ಕೆಲವರು ತಾವೇ ಒಂದು ಹಿಡಿ ಎರಚುತ್ತಾರೆ. ಪಶು ಆಹಾರವನ್ನು ನಾಲ್ಕು ಕೋಣೆಗಳ ಹೊಟ್ಟೆಯಿರುವ ಪ್ರಾಣಿಗಾಗಿ ತಯಾರಿಸಿರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಕಾಕಂಬಿ, ಉಪ್ಪು, ಖನಿಜ ಮಿಶ್ರಣ ಇರುತ್ತವೆ. ಕೆಲವು ಬಗೆಗಳಲ್ಲಿ ಯೂರಿಯಾ ಕೂಡ ಇರುತ್ತದೆ. ಕಾಕಂಬಿ ಮತ್ತು ಉಪ್ಪು ಎರಡೂ ಹಿಕ್ಕೆಯನ್ನು ತೆಳ್ಳಗೆ ಮಾಡುತ್ತವೆ. ಯೂರಿಯಾವನ್ನು ಬಳಸಿಕೊಳ್ಳುವ ಶಕ್ತಿ ಹಸುವಿನ ಮೆಲುಕು ಚೀಲದ ಸೂಕ್ಷ್ಮಜೀವಿಗಳಿಗಿದೆ, ಕೋಳಿಗಿಲ್ಲ. ಚೀಲದ ಬಾಯಿ ಕಟ್ಟಿಡಿ.

ಎರಡನೆಯದು ಹಾಲು. ಒಡೆದ ಹಾಲು, ಮಿಕ್ಕ ಗಿಣ್ಣದ ಹಾಲು, ಹಾಲೊಡಕಿನ ನೀರು ಕೋಳಿಗೆ ಪುಷ್ಟಿಯೆಂದು ಹಾಕುವುದುಂಟು. ಹಾಲಿನಲ್ಲಿರುವ ಸಕ್ಕರೆಯನ್ನು ಕೋಳಿ ಚೆನ್ನಾಗಿ ಅರಗಿಸಲಾರದು. ಅರಗದೆ ಉಳಿದ ಸಕ್ಕರೆ ಕರುಳಿನಲ್ಲಿ ನೀರು ಹಿಡಿದಿಟ್ಟು ಭೇದಿ ಮಾಡುತ್ತದೆ. ಸ್ವಲ್ಪ ಮೊಸರು ಅಥವಾ ಮಜ್ಜಿಗೆಯಿಂದ ತೊಂದರೆಯಿಲ್ಲ, ಬಟ್ಟಲುಗಟ್ಟಲೆ ಬೇಡ. ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆಯುತ್ತಿರುವ ಹಸುವಿನ ಹಾಲನ್ನಂತೂ ಕೋಳಿಗೂ ಹಾಕಬೇಡಿ. ಅದರೊಳಗಿನ ಔಷಧಿ ಕೋಳಿಯ ಹೊಟ್ಟೆ ಸೇರುತ್ತದೆ.

ಬೂಷ್ಟು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಮೂರನೆಯ ಅಪಾಯ. ಕೆಲವು ಬೂಷ್ಟಿನ ವಿಷಗಳು ಕೋಳಿಯ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಕೋಳಿಗೆ ಆಗದ ಬೂಷ್ಟು ಕಾಳನ್ನು ಹಸುವಿಗೆ ಹಾಕಿದರೂ ವಿಷ ಹಾಲಿಗೆ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ.

ಮನೆಯಲ್ಲೇ ಮಾಡುವ ಪರೀಕ್ಷೆ

ಅನುಮಾನ ಬಂದ ಕೋಳಿಯನ್ನು ಸಂಜೆ ಬೇರೆ ಮಾಡಿ ಮಂಕರಿಯಡಿ ಮುಚ್ಚಿ, ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ. ಬೆಳಿಗ್ಗೆ ನೋಡಿ. ರಾತ್ರಿಯ ಹಿಕ್ಕೆ ಗಟ್ಟಿಯಿದ್ದು ಮಧ್ಯಾಹ್ನದ ಹಿಕ್ಕೆ ಮಾತ್ರ ನೀರಾಗಿದ್ದರೆ ಬಿಸಿಲು ಮತ್ತು ಕುಡಿದ ನೀರೇ ಕಾರಣವೆಂದು ತಿಳಿಯಬಹುದು.

ಜೊತೆಗೆ ನಾಲ್ಕು ವಿಷಯ ನೋಡಿ:

1. ಜುಟ್ಟು ಕೆಂಪಾಗಿದೆಯೇ, ಕಣ್ಣು ಹೊಳಪಾಗಿದೆಯೇ?
2. ಬೆಳಿಗ್ಗೆ ಬಿಟ್ಟ ಕೂಡಲೇ ಕಾಳಿಗೆ ಓಡುತ್ತದೆಯೇ?
3. ಎದೆಮೂಳೆಯನ್ನು ಮುಟ್ಟಿದರೆ ಎರಡು ಕಡೆ ಮಾಂಸ ಸಿಗುತ್ತದೆಯೇ, ಚಾಕುವಿನಂತೆ ಚೂಪಾಗಿದೆಯೇ?
4. ಬಾಲದ ಕೆಳಗಿನ ಗರಿ ಒಣಗಿದೆಯೇ, ಹಿಕ್ಕೆ ಮೆತ್ತಿದೆಯೇ?

ನಾಲ್ಕೂ ಸರಿಯಿದ್ದರೆ ಸೊಪ್ಪು, ಸಿಪ್ಪೆ, ಹಾಲು, ಉಪ್ಪಿನ ಪದಾರ್ಥ ನಿಲ್ಲಿಸಿ, ಒಣ ಕಾಳು ಮತ್ತು ಶುದ್ಧ ನೀರು ಮಾತ್ರ ಮೂರು ದಿನ ಕೊಡಿ. ಬಹಳಷ್ಟು ಕೋಳಿಗಳಿಗೆ ಇಷ್ಟೇ ಸಾಕು. ಮೇವು ಚೆನ್ನಾಗಿ ತಿಂದರೂ ಎದೆ ಸೊರಗುತ್ತಿದ್ದರೆ ಜಂತುಹುಳುವಿನ ಅನುಮಾನ. ಹಿಕ್ಕೆಯನ್ನು ಪೊಟ್ಟಣದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ತನ್ನಿ. ಪರೀಕ್ಷಿಸಿ ಔಷಧಿ ಹೇಳಬಹುದು.

ಕಾಯಬಾರದ ಲಕ್ಷಣಗಳು

ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯಾ ರಕ್ತಭೇದಿ ಇರಬಹುದು. ಮಳೆಗಾಲದಲ್ಲಿ ಗೂಡು ಒದ್ದೆಯಾದಾಗ ಇದು ಹೆಚ್ಚು. ಅಂದೇ ಔಷಧಿ ಬೇಕು.

ಹಸಿರು ಬೆರೆತ ನೀರು ಭೇದಿ, ಗೊರಗೊರ ಉಸಿರು, ಕತ್ತು ತಿರುಚುವುದು, ಕಾಲು ರೆಕ್ಕೆ ಸೋಲುವುದು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಇದಕ್ಕೆ ಚಿಕಿತ್ಸೆಯಿಲ್ಲ. ವಾರದೊಳಗೆ ಇಡೀ ಊರಿನ ಕೋಳಿಗಳನ್ನು ಬರಿದು ಮಾಡುತ್ತದೆ. ಇರುವುದು ಲಸಿಕೆ ಒಂದೇ: ಮರಿಗೆ 5ರಿಂದ 7 ದಿನವಾದಾಗ ಎಫ್-1 ಅಥವಾ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೋ ಮೂಗಿಗೋ, ಎಂಟು ವಾರವಾದ ಮೇಲೆ ಆರ್2ಬಿ ಚುಚ್ಚುಮದ್ದು. ಒಂದು ಬಾಟಲಿ ನೂರಾರು ಕೋಳಿಗಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಒಬ್ಬರಿಗೆ ಇದು ಕಷ್ಟ. ಹಾಲಿಗಾಗಿ ಒಂದಾದ ನಾವು ಇದಕ್ಕೂ ಒಂದಾಗಬಾರದೇಕೆ? ಸಂಘದ ಮುಂದೆ ಒಂದು ಬೆಳಿಗ್ಗೆ ಗೊತ್ತು ಮಾಡಿ, ಲಸಿಕೆಯನ್ನು ಐಸ್ ಇಟ್ಟ ಫ್ಲಾಸ್ಕಿನಲ್ಲಿ ತರಿಸಿ, ಊರಿನ ಕೋಳಿಗಳಿಗೆಲ್ಲ ಹಾಕಿಸಿ.

ಒಮ್ಮೆಲೇ ಹಲವು ಕೋಳಿ ಸತ್ತರೆ ಮುಟ್ಟಬೇಡಿ, ಮಾರಬೇಡಿ, ಕೆರೆಗೆ ಎಸೆಯಬೇಡಿ. ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ. ಹಕ್ಕಿಜ್ವರ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಕಾಣಿಸಿಕೊಂಡಿತ್ತು. 2024ರಲ್ಲಿ ಅಮೆರಿಕದಲ್ಲಿ ಇದು ಹಾಲು ಕರೆಯುವ ಹಸುಗಳಿಗೂ ತಗುಲಿ ಹಸಿಹಾಲಿನಲ್ಲಿ ವೈರಾಣು ಸಿಕ್ಕಿತು. ಪಾಶ್ಚೀಕರಣದಿಂದ ಅದು ನಾಶವಾಗುತ್ತದೆ. ಹಾಲನ್ನು ಕಾಯಿಸಿಯೇ ಕುಡಿಯಿರಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಔಷಧಿ ಮತ್ತು ಕೊಟ್ಟಿಗೆ

ಹಸುವಿಗೆ ತಂದು ಮಿಕ್ಕ ಮಾತ್ರೆಯನ್ನು ಪುಡಿ ಮಾಡಿ ಕೋಳಿಯ ನೀರಿಗೆ ಹಾಕುವ ಅಭ್ಯಾಸ ಬಿಡಿ. ಬಿಸಿಲಿಗೆ ನೀರಾದ ಹಿಕ್ಕೆಗೆ ಆ್ಯಂಟಿಬಯೋಟಿಕ್ ಏನೂ ಮಾಡದು. ಮೊಟ್ಟೆಯಲ್ಲಿ ಔಷಧಿ ಉಳಿದು ನಿಮ್ಮ ಮಕ್ಕಳ ಹೊಟ್ಟೆ ಸೇರುತ್ತದೆ, ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ಇದೇ ಕಾರಣದಿಂದ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ ಮತ್ತು ಇತರ ಆಹಾರ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ವೈದ್ಯರು ಔಷಧಿ ಕೊಟ್ಟಾಗ ಮೊಟ್ಟೆಯನ್ನು ಎಷ್ಟು ದಿನ ಬಳಸಬಾರದೆಂದು ಕೇಳಿ ತಿಳಿದುಕೊಳ್ಳಿ.

ಕೋಳಿ ಕೊಟ್ಟಿಗೆಯಲ್ಲಿ ಉಣ್ಣೆ, ಹುಳು ಹೆಕ್ಕುವುದು ಒಳ್ಳೆಯದೇ. ಆದರೆ ಗೋದಲಿಯ ಅಂಚಿನಲ್ಲಿ, ಮೇವಿನ ಮೆದೆಯ ಮೇಲೆ ರಾತ್ರಿ ಕೂರಲು ಬಿಡಬೇಡಿ. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದು ಮೇವಿನ ಮೂಲಕ ಹಸುವಿಗೂ, ಕೈ ಮತ್ತು ಪಾತ್ರೆಯ ಮೂಲಕ ಹಾಲಿಗೂ ಬರುತ್ತದೆ. ಕೋಳಿಗೂಡು ಗುಡಿಸಿದ ಕೈಯನ್ನು ಸೋಪಿನಿಂದ ತೊಳೆದ ನಂತರವೇ ಕೆಚ್ಚಲು ಮುಟ್ಟಿ. ಹಾಲು ಕರೆಯುವ ಹೊತ್ತಿಗೆ ಕೋಳಿ ಹೊರಗಿರಲಿ. ಹಿಕ್ಕೆಯನ್ನು ಗುಂಡಿಗೆ ಹಾಕಿ ಕೊಳೆಸಿದರೆ ಹೊಲಕ್ಕೆ ಉತ್ತಮ ಗೊಬ್ಬರ.

ಬಂಧುಗಳೇ, ದಿನಾ ಬೆಳಿಗ್ಗೆ ಹಸುವಿನ ಸಗಣಿ ನೋಡಿಯೇ ಅದರ ಹೊಟ್ಟೆಯ ಸ್ಥಿತಿ ಹೇಳುವ ಅನುಭವ ನಿಮ್ಮದು. ಗೂಡಿನ ಬಾಗಿಲು ತೆರೆದಾಗ ಅದೇ ಕಣ್ಣಿನಿಂದ ಒಮ್ಮೆ ಕೆಳಗೂ ನೋಡಿ. ಏನಾದರೂ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.